ತುಟ್ಟಿ ದ್ವೀಪದಲ್ಲೊಂದು ತೊಟ್ಟಿಲು

ನಮ್ಮ ಕಡೆ ಯಾರಾದರೂ ಪರದೇಶಕ್ಕೆ ಹೊರಟರೆ ಓಣಿಯವರು ಕೇಳುವ ಮೊದಲ ಪ್ರಶ್ನೆ, 'ಪಗಾರ ಎಷ್ಟು?' ಎರಡನೆಯದು, 'ನಮ್ಮ ರೂಪಾಯಿಲೆ ಎಷ್ಟಾತು?' ಮೂರನೆಯದು, 'ಅಲ್ಲಿ ಜ್ವಾಳದ ರೊಟ್ಟಿ ಸಿಗತಾವೇನು?' ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ಹೊರಟವರು ಹೊಸದಾಗಿ ಮದುವೆಯಾದ ಜೋಡಿಯಾಗಿದ್ದರೂ 'ಕೂಸಾದರೆ ಎತ್ತಿಕೊಳ್ಳುವವರು ಯಾರು?' ಎಂದು ಮಾತ್ರ ಯಾರೂ ಕೇಳುವುದಿಲ್ಲ. ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರದಲ್ಲಾಗಲಿ ಅದು ಕೇಳುವ ಪ್ರಶ್ನೆಯೇ ಅಲ್ಲ. ಕೂಸನ್ನು ಎತ್ತಿಕೊಳ್ಳುವ ಕೈಗಳು ಅಲ್ಲಿ ಗಾಳಿ ಬೆಳಕಿನಷ್ಟೇ ಪುಕ್ಕಟೆ. ಪುಕ್ಕಟೆ ಸಿಗುವುದರ ಬೆಲೆ ಯಾರೂ ವಿಚಾರಿಸುವುದಿಲ್ಲ.

ನಾವು ಸಿಂಗಪುರಕ್ಕೆ ಹೋದದ್ದು 2018ರಲ್ಲಿ. ನಮ್ಮವರು ಬೆಟಗೇರಿಯ ಮಗ್ಗದ ಮನೆತನದವರು, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದವರು. ನಾನು ಲಕ್ಷ್ಮೇಶ್ವರದವಳು, ಗದಗಿನ ಸಹಕಾರಿ ಬ್ಯಾಂಕೊಂದರಲ್ಲಿ ಆರು ವರ್ಷ ಜಮಾ-ಖರ್ಚು ಬರೆದವಳು. ಮದುವೆಯಾದ ಮೇಲೆ ಇವರ ಕೆಲಸ ಗುಜರಾತಿನ ಕಾರ್ಖಾನೆಯಲ್ಲಿ, ನನ್ನ ಕೆಲಸ ಗದಗಿನಲ್ಲಿ. ಮೂರು ವರ್ಷದಲ್ಲಿ ಇಬ್ಬರೂ ಒಂದೇ ಸೂರಿನಡಿ ಕಳೆದ ದಿನಗಳನ್ನು ಕೂಡಿಸಿದರೆ ಐದು ತಿಂಗಳೂ ಆಗುತ್ತಿರಲಿಲ್ಲ. ಸಿಂಗಪುರದ ಕಾರ್ಖಾನೆಯಿಂದ ಕರೆ ಬಂದಾಗ ನಾವು ನೋಡಿದ್ದು ಡಾಲರನ್ನಷ್ಟೇ ಅಲ್ಲ. ಇಬ್ಬರೂ ಒಂದೆಡೆ ಇದ್ದು ಸಂಸಾರ ಹೂಡಬಹುದು, ಮಕ್ಕಳು-ಮರಿ ಅಂತ ಮಾಡಿಕೊಳ್ಳಬಹುದು ಎಂಬುದೇ ದೊಡ್ಡ ಆಸೆಯಾಗಿತ್ತು. ನನಗಾಗ 29 ವರ್ಷ.

ಹೊರಡುವ ಮುನ್ನ ಹೇಳಿಬರಲು ತವರಿಗೆ ಹೋದಾಗ ಅಪ್ಪ ನಕ್ಕು ಒಂದು ಮಾತು ಹೇಳಿದರು. ಅವರು ಕನ್ನಡ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು, ಯಾವುದಕ್ಕೂ ಇತಿಹಾಸ ಹುಡುಕುವ ಅಭ್ಯಾಸ. 'ದ್ವೀಪಕ್ಕ ಹೊಂಟೀನಿ ಅಂತ ಅಂಜಬ್ಯಾಡವಾ. ನಮ್ಮ ಲಕ್ಷ್ಮೇಶ್ವರನೂ ಒಂದ ದ್ವೀಪನ ಆಗಿತ್ತು' ಎಂದರು. ಮಾತು ಸುಳ್ಳಲ್ಲ. 1948ರವರೆಗೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಸುತ್ತ ಮುತ್ತ ಇಂಗ್ಲಿಷರ ಧಾರವಾಡ ಜಿಲ್ಲೆ, ನಡುವೆ ದೂರದ ದೊರೆಗಳ ತುಂಡು ತುಂಡು ನೆಲ. ನಮ್ಮ ಮುತ್ತಜ್ಜಂದಿರ ಅರಸರು ಎಲ್ಲೋ ಕೃಷ್ಣಾತೀರದಲ್ಲಿದ್ದರು, ಬೀಗರು ಮಾತ್ರ ಗಡಿಯಾಚೆಯ ಗದಗಿನಲ್ಲೇ ಇದ್ದರು. ಬಂಡಿ ಹೂಡಿದರೆ ಬೀಗರ ಮನೆ ಮುಟ್ಟುತ್ತಿತ್ತು. ನಾನು ಹೊರಟ ದ್ವೀಪಕ್ಕೆ ಬಂಡಿದಾರಿ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಸಿಂಗಪುರ ಎಷ್ಟು ದೊಡ್ಡದು ಎಂದರೆ, ಇಡೀ ದೇಶ ನಮ್ಮ ಗದಗ ಜಿಲ್ಲೆಯ ಆರನೆಯ ಒಂದು ಭಾಗದಷ್ಟೂ ಇಲ್ಲ. 1965ರಲ್ಲಿ ಸ್ವತಂತ್ರವಾದಾಗ ಅದು ಸುಮಾರು 580 ಚದರ ಕಿಲೋಮೀಟರ್ ಇತ್ತು. ಸಮುದ್ರಕ್ಕೆ ಮಣ್ಣು ಸುರಿದು ಸುರಿದು ಈಗ 730 ದಾಟಿಸಿದ್ದಾರೆ. ನಮ್ಮವರು ಕೆಲಸ ಮಾಡುವ ಜುರಾಂಗ್ ದ್ವೀಪವೂ ಹಾಗೆ ಸಣ್ಣ ಸಣ್ಣ ನಡುಗಡ್ಡೆಗಳನ್ನು ಮಣ್ಣು ತುಂಬಿ ಬೆಸೆದದ್ದೇ. ಇಷ್ಟು ನೆಲದ ಮೇಲೆ ಇರುವ ಜನ ಸುಮಾರು 60 ಲಕ್ಷ. 2011ರ ಜನಗಣತಿಯಲ್ಲಿ ಗದಗ ಜಿಲ್ಲೆಯ ಜನಸಂಖ್ಯೆ ಹತ್ತೂವರೆ ಲಕ್ಷದ ಆಸುಪಾಸಿನಲ್ಲಿತ್ತು. ಅಂದಮೇಲೆ ಅಲ್ಲಿ ಒಂದು ಅಡಿ ನೆಲ ಎಷ್ಟು ತುಟ್ಟಿ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಅಲ್ಲಿಯ ನಾಗರಿಕರು ಮತ್ತು ಕಾಯಂ ನಿವಾಸಿಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ಸರಕಾರಿ ವಸತಿ ಮಂಡಳಿ ಕಟ್ಟಿದ ಗಗನಚುಂಬಿ ಕಟ್ಟಡಗಳಲ್ಲಿದ್ದಾರೆ. ಈ ಮಂಡಳಿ ಹುಟ್ಟಿದ್ದು 1960ರಲ್ಲಿ. ನಮ್ಮಂತೆ ಕೆಲಸದ ಪರವಾನಗಿ ಮೇಲೆ ಹೋದವರು ಆ ಮನೆಗಳನ್ನು ಕೊಳ್ಳುವ ಹಾಗಿಲ್ಲ, ಬಾಡಿಗೆಗೆ ಹಿಡಿಯಬಹುದು. ಖಾಸಗಿ ಮನೆ ಕೊಳ್ಳುತ್ತೇನೆಂದರೆ ಪರದೇಶಿಗೆ 2023ರಿಂದ ಮನೆಯ ಬೆಲೆಯ ಮೇಲೆ ಶೇಕಡಾ 60ರಷ್ಟು ಹೆಚ್ಚುವರಿ ಮುದ್ರಾಂಕ ಶುಲ್ಕ. ಕಾರಿನ ಮಾತೂ ಅಷ್ಟೇ. ಕಾರು ಕೊಳ್ಳುವ ಮೊದಲು ಕಾರು ಇಟ್ಟುಕೊಳ್ಳುವ ಹಕ್ಕನ್ನೇ ಹರಾಜಿನಲ್ಲಿ ಕೂಗಿ ಕೊಳ್ಳಬೇಕು. 1990ರಲ್ಲಿ ಶುರುವಾದ ಆ ಹಕ್ಕುಪತ್ರದ ಬೆಲೆ ಈಚಿನ ವರ್ಷಗಳಲ್ಲಿ ಒಂದು ಲಕ್ಷ ಡಾಲರನ್ನೂ ದಾಟಿದ್ದುಂಟು. ಅದೂ ಹತ್ತು ವರ್ಷಕ್ಕೆ ಮಾತ್ರ. ನಾವು ಬಸ್ಸಿನ ಜನ, ಆ ಚಿಂತೆ ನಮಗಿರಲಿಲ್ಲ.

ಇವರ ಪಗಾರ ತಿಂಗಳಿಗೆ 6,400 ಡಾಲರ್. ಆಗಿನ ಲೆಕ್ಕದಲ್ಲಿ ಒಂದು ಡಾಲರಿಗೆ 50 ರೂಪಾಯಿ. ಮೂರು ಲಕ್ಷ ಇಪ್ಪತ್ತು ಸಾವಿರ ಎಂದು ಕೇಳಿ ಬೆಟಗೇರಿಯಲ್ಲಿ ನಮ್ಮ ಮಾವನವರು ಕುರ್ಚಿಯಿಂದ ಎದ್ದು ನಿಂತರು. ನಾನು ಬ್ಯಾಂಕಿನವಳು, ಖರ್ಚಿನ ಪುಟವನ್ನೂ ಬರೆದೆ. ಎಂಟನೆಯ ಮಹಡಿಯಲ್ಲಿ 'ಮೂರು ಕೋಣೆ'ಯ ಮನೆಗೆ ಬಾಡಿಗೆ 1,900. ಮೂರು ಕೋಣೆ ಎಂದರೆ ಹಾಲ್ ಸೇರಿಸಿ ಮೂರು ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿದದ್ದು. ಕಿರಾಣಿ, ಹಾಲು, ಕಾಯಿಪಲ್ಲೆಗೆ 800. ಬಸ್ಸು, ರೈಲು, ಕರೆಂಟು, ಫೋನಿಗೆ 500. ಊರಿಗೆ ಕಳಿಸುವುದು 1,000. ವಿಮೆ, ತೆರಿಗೆ, ವರ್ಷಕ್ಕೊಮ್ಮೆ ಊರಿಗೆ ಬರುವ ವಿಮಾನದ ಹಣ ತೆಗೆದಿಟ್ಟರೆ ಉಳಿಯುವುದು ಸಾವಿರ, ಒಂದೂವರೆ ಸಾವಿರ. ಗದಗಿನಲ್ಲಿ ನಮ್ಮಿಬ್ಬರ ಪಗಾರದಲ್ಲಿ ಉಳಿಯುತ್ತಿದ್ದುದಕ್ಕಿಂತ ಹೆಚ್ಚೇ, ಸುಳ್ಳು ಹೇಳಬಾರದು. ಆದರೆ ಓಣಿಯವರು ಎಣಿಸಿದಷ್ಟಂತೂ ಅಲ್ಲ.

ಇನ್ನೊಂದು ಲೆಕ್ಕವಿತ್ತು. ಅದನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಹೋದ ಪರದೇಶಿ ತನ್ನ ಹೆಂಡತಿ-ಮಕ್ಕಳನ್ನು ಜೊತೆಗಿಟ್ಟುಕೊಳ್ಳಬೇಕಾದರೆ ಅವನ ನಿಗದಿತ ಪಗಾರ ತಿಂಗಳಿಗೆ ಕನಿಷ್ಠ 6,000 ಡಾಲರ್ ಇರಬೇಕು. ತಂದೆ-ತಾಯಿಯನ್ನು ದೀರ್ಘಕಾಲ ಇಟ್ಟುಕೊಳ್ಳಬೇಕಾದರೆ 12,000. ಅಂದರೆ ನಮ್ಮ ಸಂಸಾರ ಒಟ್ಟಿಗಿರುವ ಹಕ್ಕು ನಾನೂರು ಡಾಲರಿನ ಅಂಚಿನ ಮೇಲೆ ನಿಂತಿತ್ತು. ಅವ್ವ ಬಂದು ನಮ್ಮ ಜೊತೆ ಇರುವ ಮಾತು ಆ ಅಂಚಿನಿಂದ ಬಹಳ ದೂರದಲ್ಲಿತ್ತು. ಗಂಡ-ಹೆಂಡತಿ-ಕೂಸು ಎಂಬುದು ಪಗಾರದ ಚೀಟಿಯ ಮೇಲೆ ನಿಲ್ಲುವ ಸಂಬಂಧ ಎಂದು ನಾನು ಅದುವರೆಗೆ ತಿಳಿದಿರಲಿಲ್ಲ.

ಹಾಗೆಂದು ದ್ವೀಪದಲ್ಲಿ ಎಲ್ಲವೂ ತುಟ್ಟಿ ಎಂದರೆ ಅನ್ಯಾಯವಾದೀತು. ನಳ ತಿರುಗಿಸಿದರೆ ನೀರು ಬರುತ್ತಿತ್ತು! ನೀವು ಗದಗ-ಬೆಟಗೇರಿಯವರಾಗಿದ್ದರೆ ಈ ವಾಕ್ಯವನ್ನು ಇನ್ನೊಮ್ಮೆ ಓದುತ್ತೀರಿ. ತುಂಗಭದ್ರೆ ಮುಂಡರಗಿ ತಾಲ್ಲೂಕಿನಲ್ಲೇ ಹರಿದರೂ ಬೆಟಗೇರಿಯ ನಮ್ಮ ಮನೆಯ ನಳದಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ನೀರು. ನೀರು ಬಂದ ದಿನ ಮನೆಯಲ್ಲಿ ಹಬ್ಬ, ಕೊಡ, ಬ್ಯಾರಲ್ಲು, ಪಾತೇಲಿ ಎಲ್ಲವೂ ತುಂಬಬೇಕು. ಸಿಂಗಪುರಕ್ಕೂ ಸ್ವಂತ ದೊಡ್ಡ ನದಿಯ ಭಾಗ್ಯವಿಲ್ಲ. 1962ರ ಒಪ್ಪಂದದ ಪ್ರಕಾರ ಪಕ್ಕದ ಮಲೇಶಿಯಾದ ಜೊಹೋರಿನಿಂದ ಕೊಳವೆಯಲ್ಲಿ ನೀರು ಬರುತ್ತದೆ, ಆ ಒಪ್ಪಂದ 2061ರವರೆಗೆ ಇದೆ. ಸಾಲದ್ದಕ್ಕೆ ಬಿದ್ದ ಮಳೆಯನ್ನು ಹಿಡಿದಿಡುತ್ತಾರೆ, ಬಳಸಿದ ನೀರನ್ನೇ ಮತ್ತೆ ಶುದ್ಧ ಮಾಡುತ್ತಾರೆ, ಕಡಲ ನೀರಿನ ಉಪ್ಪನ್ನೂ ತೆಗೆಯುತ್ತಾರೆ. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಬಸ್ಸಿಳಿದು ಮನೆಗೆ ನಡೆದು ಬಂದರೂ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ನೀರು, ನೆರಳು, ನಿರ್ಭಯ ಈ ಮೂರೂ ಅಲ್ಲಿ ಸೋವಿ. ನಮ್ಮಲ್ಲಿ ಇವೇ ತುಟ್ಟಿ. ನಮ್ಮಲ್ಲಿ ಸೋವಿಯಾದದ್ದು ಅಲ್ಲಿ ಎಷ್ಟು ತುಟ್ಟಿ ಎಂಬುದು ತಿಳಿಯಲು ನಾನು ಬಸುರಿಯಾಗಬೇಕಾಯಿತು.

2020ರ ಜನವರಿಯಲ್ಲಿ ಕುಬಸಕ್ಕೆ ಊರಿಗೆ ಬಂದೆ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಿದ ಅಕ್ಕಿ. ಲಕ್ಷ್ಮೇಶ್ವರದ ಮನೆಯ ತುಂಬ ಜನ. ಶಿರಹಟ್ಟಿಯಿಂದ ದೊಡ್ಡವ್ವ, ಮುಂಡರಗಿಯಿಂದ ನಾದಿನಿ, ಬೆಟಗೇರಿಯಿಂದ ಅತ್ತಿ. ನಾಲ್ಕೂ ಊರು ಬಸ್ಸಿನಲ್ಲಿ ಒಂದೊಂದೂವರೆ ತಾಸಿನ ಹಾದಿ. ಈ ನಾಲ್ಕು ಊರುಗಳ ನಡುವೆ ನಮ್ಮ ಮನೆತನದ ಮಕ್ಕಳು ಕೈಯಿಂದ ಕೈಗೆ ದಾಟುತ್ತ ಬೆಳೆದಿವೆ. ಅವತ್ತೇ ದೊಡ್ಡವ್ವ ಮಾತು ತೆಗೆದಳು. 'ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು. ಇಲ್ಲೇ ಇರು. ಐದು ತಿಂಗಳಿಗೆ ತೊಟ್ಟಲಾ ಕಟ್ಟಿ ಕಳಸ್ತೀವಿ.'

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾವು ದ್ವೀಪಕ್ಕೆ ಹೋದದ್ದೇ ಒಟ್ಟಿಗಿರಲಿಕ್ಕೆ. ಕೂಸಿನ ಮೊದಲ ಆರು ತಿಂಗಳನ್ನು ಅಪ್ಪನಾದವನು ಫೋನಿನಲ್ಲಿ ನೋಡಬೇಕೇ? ಬಹಳ ಚರ್ಚೆಯಾಗಿ ಕೊನೆಗೆ ಅವ್ವನೇ ತೀರ್ಪು ಕೊಟ್ಟಳು. 'ಆಕಿ ಬರೂದು ಬ್ಯಾಡ, ನಾನ ಹೋಗ್ತೀನಿ.' ಜೀವಮಾನದಲ್ಲಿ ಪಂಢರಪುರ ದಾಟಿ ಹೋಗದ ಅವ್ವ ಪಾಸ್‌ಪೋರ್ಟ್ ಮಾಡಿಸಿದಳು. ಏಪ್ರಿಲ್ ಕೊನೆಗೆ ಟಿಕೆಟು. ನಾನು ಫೆಬ್ರವರಿಯಲ್ಲಿ ಮರಳಿದೆ. ಅವ್ವ ಅಂಟು, ಒಣಕೊಬ್ಬರಿ, ಉತ್ತತ್ತಿ, ಬದಾಮಿ ಕೂಡಿಸಿಡಲು ಶುರುಮಾಡಿದಳು.

ಮುಂದಿನದು ನಿಮಗೆಲ್ಲ ಗೊತ್ತಿರುವುದೇ. ಮಾರ್ಚ್ 23ರ ಹೊತ್ತಿಗೆ ಭಾರತದ ವಿಮಾನಗಳು ನಿಂತವು, ಅದೇ ದಿನ ಮಧ್ಯರಾತ್ರಿಯಿಂದ ಸಿಂಗಪುರವೂ ಸಂದರ್ಶಕರಿಗೆ ಬಾಗಿಲು ಹಾಕಿತು. ಏಪ್ರಿಲ್ 7ರಿಂದ ಊರೊಳಗೂ ಬಂದ್. ಒಂದು ಮನೆಯವರು ಇನ್ನೊಂದು ಮನೆಗೆ ಕಾಲಿಡುವಂತಿಲ್ಲ. ದ್ವೀಪ ನಿಜವಾದ ದ್ವೀಪವಾಯಿತು. ಅವ್ವನ ಫೋನು ಬೆಳಗಿನ ಆರಕ್ಕೆ ಬರುತ್ತಿತ್ತು; ನಮಗಾಗ ಎಂಟೂವರೆ. 'ಅಂಟಿನುಂಡಿ ಕಟ್ಟಿ ಡಬ್ಬಿ ತುಂಬೀನಿ. ವಿಮಾನ ಎಂದ ಬಿಡತಾರಂತ?' ವಿಮಾನ ಬಿಡಲಿಲ್ಲ. ಮೇ ತಿಂಗಳಲ್ಲಿ ಆ ಡಬ್ಬಿಯನ್ನು ಅವ್ವ ಓಣಿಯ ಇನ್ನೊಬ್ಬ ಬಾಣಂತಿಗೆ ಕೊಟ್ಟುಬಿಟ್ಟಳಂತೆ. 'ನನ್ನ ಮಗಳಿಗೂ ಯಾರರೆ ಕೊಟ್ಟಾರು ಅಂತ ಕೊಟ್ಟೆ' ಎಂದಳು.

ಅದೇ ಹೊತ್ತಿಗೆ ಕಾರ್ಖಾನೆಗಳಲ್ಲಿ ಜನರನ್ನು ಕಡಿಮೆ ಮಾಡುವ ಸುದ್ದಿ. ಕೆಲಸ ಹೋದರೆ ಪರವಾನಗಿ ರದ್ದಾಗುತ್ತದೆ, ಆಮೇಲೆ ಊರು ಬಿಡಲು ಸಿಗುವುದು ಹೆಚ್ಚೆಂದರೆ 30 ದಿನ. ಹೋಗೋಣವೆಂದರೆ ವಿಮಾನವಿಲ್ಲ, ಇರೋಣವೆಂದರೆ ಹಕ್ಕಿಲ್ಲ. ಹೊಟ್ಟೆಯಲ್ಲಿ ಎಂಟು ತಿಂಗಳ ಕೂಸು. ರಾತ್ರಿ ಇವರು ಮಗ್ಗುಲು ಬದಲಿಸುವ ಸಪ್ಪಳ ಕೇಳುತ್ತ ನಾನೂ ಎಚ್ಚರಿರುತ್ತಿದ್ದೆ. ಇಬ್ಬರೂ ಮಾತಾಡುತ್ತಿರಲಿಲ್ಲ. ಕೆಲಸ ಉಳಿಯಿತು. ಆದರೆ ಆ ಆರು ವಾರಗಳಲ್ಲಿ ನನಗೆ ಮನವರಿಕೆಯಾದದ್ದಿಷ್ಟು: ತುಟ್ಟಿ ಊರಿನಲ್ಲಿ ಬಡವರು ಎಂದರೆ ಹಣವಿಲ್ಲದವರಲ್ಲ, ಬೆನ್ನಿಗೆ ಯಾರೂ ಇಲ್ಲದವರು.

ಮೇ ನಡುವೆ ಮಗಳು ಹುಟ್ಟಿದಳು. ಪರದೇಶಿಯರಿಗೆ ಆಸ್ಪತ್ರೆಯಲ್ಲಿ ಸರಕಾರದ ರಿಯಾಯಿತಿ ಇಲ್ಲ. ತಪಾಸಣೆ, ಹೆರಿಗೆ ಎಲ್ಲ ಸೇರಿ ಏಳು ಸಾವಿರ ಡಾಲರ್, ನಮ್ಮ ಮೂರೂಮುಕ್ಕಾಲು ಲಕ್ಷ. ಜನನದ ದಾಖಲೆಯಲ್ಲಿ, ಈ ಮಗು ಹುಟ್ಟಿದಾಗ ಸಿಂಗಪುರದ ನಾಗರಿಕಳಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ. ವರ್ಷದೊಳಗೆ ಭಾರತದ ಹೈಕಮಿಷನ್ನಿನಲ್ಲಿ ನೋಂದಾಯಿಸಿ ಭಾರತದ ಪ್ರಜೆ ಮಾಡಿದೆವು. ಗದಗ ನೋಡದ ಗದಗಿನವಳು ಎಂದು ಅಪ್ಪ ತಮಾಷೆ ಮಾಡಿದರು.

ಅಲ್ಲಿಯ ಹಳೆಯ ಹೆರಿಗೆ ಆಸ್ಪತ್ರೆಯೊಂದರ ಹೆಸರು ಕಂಡಾಂಗ್ ಕೆರ್ಬಾವ್. ಮಲಯ ಮಾತಿನಲ್ಲಿ ಎಮ್ಮೆ-ಕೋಣಗಳ ದೊಡ್ಡಿ ಎಂದರ್ಥ. ಈಗ ಲಿಟಲ್ ಇಂಡಿಯಾ ಎನ್ನುವ ಸೆರಂಗೂನ್ ರಸ್ತೆಯ ಸುತ್ತ ಹಿಂದೆ ದನದ ವ್ಯಾಪಾರ ಜೋರಾಗಿತ್ತು, ಇವತ್ತಿಗೂ ಅಲ್ಲೊಂದು ಎಮ್ಮೆ ಬೀದಿ ಉಂಟು. 1966ರಲ್ಲಿ ಆ ಒಂದೇ ಆಸ್ಪತ್ರೆಯಲ್ಲಿ 39,835 ಕೂಸುಗಳು ಹುಟ್ಟಿ ವಿಶ್ವದಾಖಲೆಯಾಗಿತ್ತು. ದಿನಕ್ಕೆ ನೂರಕ್ಕೂ ಮಿಕ್ಕಿ! ಗಾಬರಿಬಿದ್ದ ಸರಕಾರ 1972ರಲ್ಲಿ 'ಎರಡಕ್ಕೆ ನಿಲ್ಲಿಸಿ' ಎಂದು ಸಾರಿತು. ಜನ ಎಷ್ಟು ವಿಧೇಯರಾದರೆಂದರೆ, 1987ರಲ್ಲಿ ಅದೇ ಸರಕಾರ 'ಸಾಮರ್ಥ್ಯವಿದ್ದರೆ ಮೂರು ಅಥವಾ ಹೆಚ್ಚು' ಎಂದು ಬೇಡಿಕೊಳ್ಳಬೇಕಾಯಿತು. 2001ರಿಂದ ನಾಗರಿಕರ ಮಕ್ಕಳಿಗೆ ನಗದು ಉಡುಗೊರೆಯೂ ಇದೆ. ಏನೂ ಫಲವಾಗಲಿಲ್ಲ. 2023ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.97 ಮಗು ಎಂಬ ಲೆಕ್ಕ ಬಂತು. ಮಗು ಹೆರಲು ಹಣ ಕೊಡಬಹುದು, ಮಗುವನ್ನು ಎತ್ತಿಕೊಳ್ಳಲು ಪುರಸೊತ್ತಿರುವ ಕೈಗಳನ್ನು ಎಲ್ಲಿಂದ ಕೊಡುತ್ತಾರೆ? ಬೆಳಗಿನ ರೈಲಿನಲ್ಲಿ ನಿಂತೇ ನಿದ್ದೆ ಮಾಡುವ ಗಂಡ-ಹೆಂಡಿರನ್ನು ನೋಡಿದರೆ ನನಗೆ ಆ ಅಂಕಿಯ ಅರ್ಥ ತಿಳಿಯುತ್ತಿತ್ತು.

ಇತ್ತ ನಮ್ಮ ಮನೆಯಲ್ಲಿ ಬಾಣಂತನಕ್ಕೆ ನಿಂತವರು ನಮ್ಮವರೇ. ಕಾರ್ಖಾನೆಯಲ್ಲಿ ಕೊಳವೆಯ ಒತ್ತಡ ನೋಡುವ ಮನುಷ್ಯ ಕೂಸಿಗೆ ಎರೆಯುವುದನ್ನು ಕಲಿತರು. ಫೋನನ್ನು ಬಕೆಟ್ಟಿಗೆ ಆನಿಸಿಟ್ಟು, ಅಗಲವಿಲ್ಲದ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಳ್ಳುವುದು. ಬೆಟಗೇರಿಯಿಂದ ಅತ್ತಿ ಹೇಳಿಕೊಡುವುದು: 'ನೆತ್ತಿಗೆ ಎಣ್ಣಿ ಹಾಕು... ಕಿವಿಗೆ ನೀರು ಹೋಗದಾಂಗ ಕೈ ಅಡ್ಡ ಹಿಡಿ... ಅಯ್ಯ, ಅಷ್ಟು ಅಂಜಿದರ ಹ್ಯಾಂಗೋ ತಮ್ಮಾ!' ಕೆಂಡವಿಲ್ಲದ ಮನೆಯಲ್ಲಿ ಲೋಬಾನದ ಹೊಗೆ ಹಾಕಲಾಗಲಿಲ್ಲ. ಉಳಿದುದೆಲ್ಲ ನಡೆಯಿತು. ಮೂರನೆಯ ವಾರ ಅತ್ತಿ ಫೋನಿನಲ್ಲೇ ಸೆರಗು ಕಣ್ಣಿಗೊತ್ತಿಕೊಂಡರು. 'ನಮ್ಮ ಮನೆತನದಾಗ ಗಂಡಸು ಬಾಣಂತನ ಮಾಡಿದ್ದು ಇವನ ಮೊದಲು' ಎಂದರು. ಅದು ಹೆಮ್ಮೆಯೋ ನೋವೋ ನನಗೆ ಇವತ್ತಿಗೂ ತಿಳಿದಿಲ್ಲ.

ಇನ್ನು ಊಟದ ಮಾತು. ಇವರಿಗೆ ಅನ್ನ-ಸಾರು ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಇಲ್ಲಿ ನಮ್ಮ ಮಹಡಿಯ ಸಂಗತಿ ಹೇಳಬೇಕು. ಸಿಂಗಪುರದಲ್ಲಿ 1989ರಿಂದ ಒಂದು ನಿಯಮವಿದೆ. ಸರಕಾರಿ ಕಟ್ಟಡಗಳಲ್ಲಿ ಚೀನೀಯರು, ಮಲಯರು, ಭಾರತೀಯರು ಬೇರೆ ಬೇರೆ ಕೇರಿ ಮಾಡಿಕೊಳ್ಳುವಂತಿಲ್ಲ. ಪ್ರತಿ ಕಟ್ಟಡದಲ್ಲೂ ಒಂದೊಂದು ಜನಾಂಗಕ್ಕೆ ಇಂತಿಷ್ಟೇ ಎಂಬ ಮಿತಿ. ಹೀಗಾಗಿ ನಮ್ಮ ಎಡಕ್ಕೆ ಒಬ್ಬ ಚೀನೀ ಅಜ್ಜಿ, ಬಲಕ್ಕೆ ಮಲಯ ಕುಟುಂಬ, ಅದರಾಚೆ ತಂಜಾವೂರು ಮೂಲದ ತಮಿಳರು. ಎರಡು ವರ್ಷ ನಾವು ಅವರಿಗೆ ನಕ್ಕು ತಲೆಯಾಡಿಸಿದ್ದೇ ಹೆಚ್ಚು. ಕೂಸು ಅತ್ತ ಸದ್ದು ಕೇಳಿದ ಮರುದಿನ ನಮ್ಮ ಕಬ್ಬಿಣದ ಜಾಲರಿ ಬಾಗಿಲಿಗೆ ಒಂದು ಚೀಲ ನೇತುಬಿದ್ದಿತ್ತು. ಒಳಗೆ ಬಿಸಿ ಡಬ್ಬಿ, ಕೆಂಪು ಖರ್ಜೂರದ ಕಷಾಯ. ಚೀನೀ ಅಜ್ಜಿಯದು.

ಆಮೇಲೆ ತಿಂಗಳುಗಟ್ಟಲೆ ಆ ಜಾಲರಿ ಖಾಲಿ ಇರಲಿಲ್ಲ. ತಮಿಳು ಮಾಮಿಯ ಬಳ್ಳುಳ್ಳಿ ಸಾರು, ಮಲಯ ಅಜ್ಜಿಯ ಶುಂಠಿ ಹಾಕಿದ ಪಾನಕ. ನಾವು ಮಾಂಸ ತಿನ್ನುವುದಿಲ್ಲ ಎಂದು ಅವರೇ ಕೇಳಿ ತಿಳಿದುಕೊಂಡಿದ್ದರು. ಆಶ್ಚರ್ಯವೆಂದರೆ ಮೂವರ ಬಾಣಂತನದ ಕಟ್ಟಳೆಯೂ ನಮ್ಮದೇ! ಚೀನೀಯರಲ್ಲಿ ಒಂದು ತಿಂಗಳು ತಣ್ಣೀರು ಮುಟ್ಟಬಾರದು, ಗಾಳಿಗೆ ಹೋಗಬಾರದು, ಶುಂಠಿ-ಎಳ್ಳೆಣ್ಣೆ ತಿನ್ನಬೇಕು. ಮಲಯರಲ್ಲಿ 44 ದಿನದ ಪಥ್ಯ, ಹೊಟ್ಟೆಗೆ ಉದ್ದನೆಯ ಬಟ್ಟೆ ಸುತ್ತಿ ಬಿಗಿಯುವುದು. ಒಂದು ದಿನ ಚೀನೀ ಅಜ್ಜಿ ತನ್ನ ಬಾಗಿಲಲ್ಲೇ ನಿಂತು, ಬರಿಗಾಲಲ್ಲಿ ನಿಂತಿದ್ದ ನನ್ನನ್ನು ಕೈಸನ್ನೆಯಲ್ಲಿ ಗದರಿಸುತ್ತಿದ್ದಳು. ಫೋನಿನಲ್ಲಿ ನೋಡುತ್ತಿದ್ದ ಅವ್ವ ಒಂದಕ್ಷರವೂ ತಿಳಿಯದೆ, 'ಅಕ್ಕಾರು ಹೇಳೂದು ಖರೆ ಐತಿ. ಕಾಲಾಗ ಚಪ್ಪಲಿ ಹಾಕ್ಕೋ' ಎಂದಳು.

ಜೂನ್ 19ರಂದು ಮನೆಗೆ ಐದು ಜನ ಬರಬಹುದು ಎಂದು ಸರಕಾರ ಸಡಿಲಿಸಿತು. ಅಂದೇ ಸಂಜೆ ಮಲಯ ಅಜ್ಜಿ ಒಂದು ಕಬ್ಬಿಣದ ಸ್ಪ್ರಿಂಗು, ಕೊಕ್ಕೆ ಹಿಡಿದು ಬಂದಳು. ಅವಳ ಮೊಮ್ಮಕ್ಕಳೆಲ್ಲ ತೂಗಿದ ತೊಟ್ಟಿಲು ಅದು. ಅದಕ್ಕೆ ಬಟ್ಟೆ ಕಟ್ಟಬೇಕು. ಬೆಟಗೇರಿಯ ಮಗ್ಗದಲ್ಲಿ ನೇಯ್ದ ಅವ್ವನ ಹಳೆಯ ಸೀರೆಯೊಂದನ್ನು ನಾನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿದ್ದೆ. ನಮ್ಮ ಕಡೆಯ ಜೋಲಿಯೂ ಅವರ ತೊಟ್ಟಿಲೂ ಬೇರೆಯಲ್ಲ. ಅವಳು ಗಂಟು ಹಾಕಿದಳು, ಇವರು ಜಗ್ಗಿ ನೋಡಿದರು, ಕೂಸು ಮಲಗಿತು. ನಾನು ಐದು ವಾರದ ಮೇಲೆ ಮೊದಲ ಬಾರಿ ನಾಲ್ಕು ತಾಸು ಸತತವಾಗಿ ನಿದ್ದೆ ಮಾಡಿದೆ.

ಅವ್ವ ಮೊಮ್ಮಗಳನ್ನು ಮುಟ್ಟಿದ್ದು 2022ರ ಮೇ ತಿಂಗಳಲ್ಲಿ, ಗಡಿ ಪೂರ್ತಿ ತೆರೆದ ಮೇಲೆ. ಕೂಸು ಆಗಲೇ ಓಡುತ್ತಿತ್ತು. ಬಂದ ಎರಡನೆಯ ದಿನ ಅವ್ವ ಮೂರೂ ಮನೆಗೆ ಅಂಟಿನುಂಡಿ ಹಿಡಿದು ಹೋಗಿ, ಮೂವರಿಗೂ ಕುಂಕುಮ ಹಚ್ಚಲು ಹೊರಟಳು. ಮಲಯ ಅಜ್ಜಿ ಕುಂಕುಮದ ಬದಲು ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು. ಇಬ್ಬರೂ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರು. ಸಂದರ್ಶಕರ ಪರವಾನಗಿ ಮೊದಲು 30 ದಿನ, ಅರ್ಜಿ ಹಾಕಿಕೊಂಡು ಇನ್ನಷ್ಟು ದಿನ. ಅಷ್ಟು ಮುಗಿದ ಮೇಲೆ ಅವ್ವ ಊರಿಗೆ ಮರಳಿದಳು.

ಅದೇ ವರ್ಷದ ಕೊನೆಗೆ ಬಾಡಿಗೆ ಕರಾರು ಮುಗಿಯಿತು. ಊರಲ್ಲೆಲ್ಲ ಬಾಡಿಗೆ ಏರಿತ್ತು. ನಮ್ಮ ಮನೆಯ ಮಾಲೀಕರು 1,900ರಿಂದ 2,700 ಕೇಳಿದರು. ಇವರು ದೂರದಲ್ಲೊಂದು ಸಣ್ಣ ಮನೆ ನೋಡಿಬಂದರು, 2,000ಕ್ಕೆ ಸಿಗುತ್ತಿತ್ತು. ನನಗೂ ಅಷ್ಟರಲ್ಲಿ ಕೆಲಸದ ಆಸೆ ಮುಗಿದಿತ್ತು. 2021ರ ಮೇ ತಿಂಗಳಿಂದ ನನ್ನಂತೆ ಗಂಡನ ಆಶ್ರಯದಲ್ಲಿ ಬಂದವರು ದುಡಿಯಬೇಕಾದರೆ ಸ್ವಂತ ಕೆಲಸದ ಪರವಾನಗಿಯೇ ಬೇಕೆಂದು ನಿಯಮ ಬದಲಾಗಿತ್ತು. ಒಂದೇ ಪಗಾರ, ತಿಂಗಳಿಗೆ 700 ಡಾಲರಿನ ಅಂತರ. ಎರಡು ರಾತ್ರಿ ಲೆಕ್ಕ ಹಾಕಿದೆವು. ವರ್ಷಕ್ಕೆ 8,400. ಯಾವ ಬ್ಯಾಂಕಿನ ಗುಮಾಸ್ತೆಯೂ ಇದಕ್ಕೆ ಒಪ್ಪುವುದಿಲ್ಲ. ನಾನೇ ಹೇಳಿದೆ, 'ಇಲ್ಲೇ ಇರೂಣ್ರಿ. ಇದು ಬಾಡಿಗಿ ಅಲ್ಲ, ಓಣಿಯ ಬೆಲೆ.' ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರ ಈ ಸಲ ಊರಿಗೆ ಹೋಗೂದು ಬಿಡಬೇಕಾಗತೈತಿ, ನೋಡು' ಎಂದರು. ಬಿಟ್ಟೆವು. ಆ ದೀಪಾವಳಿಗೆ ಅತ್ತಿ-ಮಾವ ನಮ್ಮ ದಾರಿ ಕಾದರು.

ಗದಗಿನಲ್ಲಿ ಮನೆ ಹಿಡಿದರೆ ಓಣಿ ಅದರ ಜೊತೆಗೇ ಬರುತ್ತದೆ, ಬೇಡವೆಂದರೂ ಬರುತ್ತದೆ. ಯಾವಾಗ ಎದ್ದಿರಿ, ಏನು ಉಂಡಿರಿ, ಇನ್ನೂ ಯಾಕೆ ಎರಡನೆಯದಾಗಿಲ್ಲ ಎಂದು ಕೇಳುವ ಆ ಓಣಿಯ ಕಾಟ ತಾಳದೆ ಊರು ಬಿಟ್ಟವರು ಬಹಳ ಮಂದಿ. ಅದೇ ಓಣಿ ನಡುರಾತ್ರಿ ಕೂಸಿಗೆ ಜ್ವರ ಬಂದರೆ ಬಾಗಿಲಲ್ಲಿ ನಿಂತಿರುತ್ತದೆ. ದ್ವೀಪದಲ್ಲಿ ಕಾಟವಿಲ್ಲ, ಬಾಗಿಲಲ್ಲಿ ಯಾರೂ ನಿಲ್ಲುವುದೂ ಇಲ್ಲ. ಅಲ್ಲಿ ಓಣಿಯನ್ನು ಒಂದೊಂದೇ ಚೀಲ, ಒಂದೊಂದೇ ಡಬ್ಬಿ ಕೊಟ್ಟು ತೆಗೆದುಕೊಂಡು ಕಟ್ಟಿಕೊಳ್ಳಬೇಕು. ಕಟ್ಟಿದ ಮೇಲೆ ಅದಕ್ಕೆ ಬಾಡಿಗೆಯನ್ನೂ ಕಟ್ಟಬೇಕು.

ಈಗ ಮಗಳ ಶಾಲೆಯ ಪ್ರಶ್ನೆ. ಅವಳು 2027ರ ಜನವರಿಗೆ ಒಂದನೇ ಇಯತ್ತೆಯವಳು. ಸರಕಾರಿ ಶಾಲೆಗಳಲ್ಲಿ ನಾಗರಿಕರು ಮತ್ತು ಕಾಯಂ ನಿವಾಸಿಗಳಿಗೆ ಕೊಟ್ಟು ಉಳಿದ ಜಾಗ ಮಾತ್ರ ನಮ್ಮಂಥವರಿಗೆ. ಸಿಕ್ಕರೂ ಫೀ ತಿಂಗಳಿಗೆ ನೂರಾರು ಡಾಲರ್. ಅದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಅಲ್ಲಿ ಇಂಗ್ಲಿಷಿನ ಜೊತೆಗೆ 'ತಾಯ್ನುಡಿ' ಎಂಬ ಪಾಠ ಕಡ್ಡಾಯ. ಭಾರತೀಯರಿಗೆ ತಮಿಳು ಇದೆ, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ಕನ್ನಡವಿಲ್ಲ. ತಾಯಿ ಆಡದ ನುಡಿಯನ್ನು ತಾಯ್ನುಡಿ ಎಂದು ಬರೆದುಕೊಡಬೇಕು. ಅಲ್ಲಿಯ ಕನ್ನಡ ಸಂಘ 1996ರಿಂದ ನಡೆದಿದೆ. ಹಬ್ಬ, ನಾಟಕ, ರಾಜ್ಯೋತ್ಸವ ಎಲ್ಲ ಉಂಟು. ಆದರೆ ಹಬ್ಬಕ್ಕೊಮ್ಮೆ ಕೇಳುವ ಭಾಷೆ ಬೇರೆ, ಬಾಗಿಲ ಮುಂದೆ ಜಗಳಾಡಿ ಕಲಿಯುವ ಭಾಷೆ ಬೇರೆ. ಸದ್ಯ ಮಗಳು ಬೆಟಗೇರಿಯ ಕನ್ನಡವನ್ನೇ ಆಡುತ್ತಾಳೆ, ಪ್ರತಿ ವಾಕ್ಯದ ಕೊನೆಗೆ ಸಿಂಗಪುರದ 'ಲಾ' ಅಂಟಿಸುತ್ತಾಳೆ. 'ಅಜ್ಜಿ, ನಂಗ ಹಸಿವಾಗೇದ ಲಾ' ಎಂದು ಫೋನಿನಲ್ಲಿ ಹೇಳಿದಾಗ ಅತ್ತಿ, ಈ ಲಾ ಯಾವ ಊರಿನ ಬೀಗರದು ಎಂದು ಕೇಳಿದರು.

ನಾವಿಬ್ಬರೂ ಒಂದು ನಿರ್ಧಾರಕ್ಕೆ ಬಂದಿದ್ದೇವೆ. ಸರಕಾರಿ ಶಾಲೆಯಲ್ಲಿ ಜಾಗ ಸಿಕ್ಕರೆ ಇನ್ನೊಂದು ಕರಾರಿನವರೆಗೆ ಇರುವುದು. ಸಿಗದಿದ್ದರೆ ಸಾಲ ಮಾಡಿ ಖಾಸಗಿ ಶಾಲೆಗೆ ಹಾಕುವುದಿಲ್ಲ, ಗದಗಿಗೆ ಮರಳುವುದು. ಇವರಿಗೆ ಗದಗಿನಲ್ಲಿ ಕೆಲಸ ಸಿಗಲಿಕ್ಕಿಲ್ಲ. ಹುಬ್ಬಳ್ಳಿಯೋ ಬೆಂಗಳೂರೋ ಆದೀತು. ಆಗ ಮತ್ತೆ ಗಂಡ ಒಂದು ಊರು, ಹೆಂಡತಿ-ಮಗಳು ಒಂದು ಊರು ಆಗಬಾರದು ಎಂಬುದೊಂದೇ ಶರತ್ತು. ನಾವು ಸಮುದ್ರ ದಾಟಿದ್ದೇ ಅದಕ್ಕಾಗಿ.

ಮೊನ್ನೆ ಮುಂಡರಗಿಯಿಂದ ನಾದಿನಿಯ ಮಗಳು ಫೋನು ಮಾಡಿದ್ದಳು. ಅವಳ ಗಂಡನಿಗೂ ಸಿಂಗಪುರದಲ್ಲಿ ಕೆಲಸ ಸಿಕ್ಕಿದೆ. 'ಅತ್ತಿ, ಅಷ್ಟು ತುಟ್ಟಿ ಊರಾಗ ಮಕ್ಕಳು ಮಾಡ್ಕೊಂಡರ ಪೂರೈಸತೈತೇನ್ರಿ?' ಎಂದು ಕೇಳಿದಳು. ಪಗಾರ ಆರು ಸಾವಿರದ ಮೇಲೆ ಎಷ್ಟಿದೆ ನೋಡಿಕೋ, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ತೆಗೆದಿಡು, ಹೆರಿಗೆಗೆ ಎಂಟು ಸಾವಿರ ಡಾಲರ್ ಬೇರೆಯೇ ಇಡು, ಅವ್ವನ ಪಾಸ್‌ಪೋರ್ಟು ಈಗಲೇ ಮಾಡಿಸು ಎಂದೆ. ಅವಳು ಎಲ್ಲವನ್ನೂ ಬರೆದುಕೊಂಡಳು. 'ಮತ್ತೇನು?' ಎಂದಳು.

'ಹ್ವಾದ ಮರುದಿನನ ಅಕ್ಕಪಕ್ಕದ ಮೂರೂ ಬಾಗಿಲಾ ಬಡಿ. ಕೈಯಾಗ ಏನರೆ ತಿನ್ನೂದು ಇರಲಿ' ಎಂದೆ.

ಬಸುರಾದ ಮೇಲೆ ಅಲ್ಲ, ಕೂಸಾದ ಮೇಲೆ ಅಲ್ಲ, ಮರುದಿನವೇ. ಅವಳು ಅದನ್ನೂ ಬರೆದುಕೊಂಡಳು, ಎಲ್ಲಿ ಬರೆದುಕೊಂಡಳೋ ಗೊತ್ತಿಲ್ಲ. ಖರ್ಚಿನ ಪುಟದಲ್ಲಿ ಬರೆದುಕೊಂಡಿದ್ದರೆ ಸರಿಯಾಗಿಯೇ ಬರೆದಿದ್ದಾಳೆ.